ಮುಳ್ಳು ಹಾಸಿ ಸುಮ್ಮನೆ ಕೂತವರು

ಒಂದು ಕಡೆ ಕೂರಲು ಬಾರದವರಿಗೆ ಇಂಥವು ಆಗುತ್ತಲೇ ಇರುತ್ತವೆ. ಕೂತವರಿಗೆ ಏನೂ ಆಗುವುದಿಲ್ಲ, ಅವರು ನೋಡಿ ನಗುತ್ತಾರೆ. ನಾನು ಮೊದಲಿನಿಂದಲೂ ಎದ್ದು ನಿಲ್ಲುವವರ ಪೈಕಿ. ಬಸ್ಸಿನಲ್ಲಿ ಸೀಟು ಸಿಕ್ಕರೆ ಎರಡನೇ ಸ್ಟಾಪಿಗೆ ಆಚೆ ಸೀಟು ಚೆನ್ನಾಗಿ ಕಾಣುತ್ತದೆ. ಹೋಟೆಲಿನಲ್ಲಿ ಇಡ್ಲಿ ಹೇಳಿ, ಪಕ್ಕದವರ ಪೆಸರಟ್ಟು ದೋಸೆ ಕಣ್ಣಿಗೆ ಬಿದ್ದ ಕೂಡಲೇ ಎದ್ದು ಅಡಿಗೆಮನೆಯವರೆಗೂ ಓಡಿ ಹೋಗಿ ಬದಲಿಸಿ ಬರುತ್ತೇನೆ. ತಿನ್ನುವಾಗ ಇಡ್ಲಿಯೇ ಇರಬೇಕಿತ್ತು ಅನಿಸುತ್ತದೆ. ಇಂಥ ನನಗೆ ಹೈದರಾಬಾದಿನಲ್ಲಿ ಸಿಕ್ಕಿದ್ದು ದಿನಕ್ಕೆ ಎಂಟು ತಾಸು ಕೂತು ಮಾಡುವ ಕೆಲಸ. ಅದೂ ಆಟ ಆಡುವ ಕೆಲಸ.

ನಾಯಿ ಡಾಕ್ಟರು

ಮಾದಾಪುರದ ಕಡೆ ಬಂಡೆ ಒಡೆದು ಒಡೆದು ಗಾಜಿನ ಕಟ್ಟಡ ಏಳಿಸುತ್ತಿದ್ದ ಕಾಲ ಅದು. ಸೋಮವಾರ ನೋಡಿದ ಬಯಲು ಮುಂದಿನ ಸೋಮವಾರ ಇರುತ್ತಿರಲಿಲ್ಲ. ಕಂಪ್ಯೂಟರ್ ಅಂದರೆ ಸಾಕು, ಕೆಲಸ ಕೊಡುತ್ತಿದ್ದರು. ಬಾಗಲಕೋಟೆಯಲ್ಲಿ ಡಿಗ್ರಿ ಮುಗಿಸಿದ ನಾನು ದಿಲ್‌ಸುಖ್‌ನಗರದಲ್ಲಿ ಚಿಗವ್ವನ ಮನೆಗೆ ಬಂದು ಇಳಿದೆ. ಹದಿನೈದು ದಿನದಲ್ಲಿ ಒಂದು ಕಂಪನಿ ಸೇರಿಕೊಂಡೆ. ಹೊರದೇಶದ ಒಬ್ಬ ಗಿರಾಕಿಗೆ ಅವರು ಕಂಪ್ಯೂಟರ್ ಆಟ ಮಾಡಿಕೊಡುತ್ತಿದ್ದರು. ಅದನ್ನು ಆಡಿ ಆಡಿ ತಪ್ಪು ಹುಡುಕುವ ಟೆಸ್ಟರ್ ನಾನು.

ಚಿಗವ್ವನ ಗಂಡ, ನಮ್ಮ ಕಾಕಾ, ಬಾಲಾನಗರದ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ಲೇತ್ ಮಷೀನಿನ ಮುಂದೆ ನಿಂತು ದುಡಿದವರು. ನನ್ನ ಕೆಲಸ ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು.

"ಅಲ್ಲೇನ ಮಾಡ್ತೀಯವ್ವಾ?"

"ಆಟ ಆಡ್ತೀನಿ ಕಾಕಾ."

"ಅದು ಊಟದ ಹೊತ್ತಿನ್ಯಾಗ. ಕೆಲಸದ ಹೊತ್ತಿನ್ಯಾಗ?"

"ಆವಾಗೂ ಆಡ್ತೀನಿ."

ಕಾಕಾ ಚಿಗವ್ವನ ಮುಖ ನೋಡಿದರು. "ಯಾತರ ಆಟ?"

"ಪ್ರಾಣಿಗಳದು. ನನ್ನ ಕಡೆ ಆರು, ಎದುರಿನವರ ಕಡೆ ಆರು. ಒಂದಕ್ಕೊಂದು ಕಾದಾಡ್ತಾವು. ಅವು ಸರಿ ಅದಾವೋ ಇಲ್ಲೋ ನಾ ನೋಡಬೇಕು."

ಕಾಕಾ ಇದನ್ನು ತಮಗೆ ತಿಳಿದ ಹಾಗೆ ಗಲ್ಲಿಯಲ್ಲೆಲ್ಲ ಹೇಳಿಕೊಂಡು ಬಂದರು. "ನಮ್ಮ ಹುಡುಗಿ ಕಂಪ್ಯೂಟರಿನ್ಯಾಗ ಪ್ರಾಣಿಗಳನ್ನ ನೋಡ್ತಾಳ." ಭಾನುವಾರ ಬೆಳಿಗ್ಗೆ ಮೇಲಿನ ಮನೆಯ ತೆಲುಗಿನ ಅಮ್ಮ ತಮ್ಮ ನಾಯಿಯನ್ನು ಸೆರಗಿನಲ್ಲಿ ಎತ್ತಿಕೊಂಡು ಇಳಿದು ಬಂದರು. ಮೂರು ದಿನದಿಂದ ಅನ್ನ ಮುಟ್ಟಿಲ್ಲವಂತೆ. ನಾನು ಡಾಕ್ಟರ್ ಅಲ್ಲ ಎಂದು ನನಗೆ ಬರುವ ಹರಕು ತೆಲುಗಿನಲ್ಲಿ ಹೇಳಿದೆ. ಅವರು ಕೇಳಲಿಲ್ಲ. "ಕಂಪ್ಯೂಟರಿನಲ್ಲಿ ಅಷ್ಟು ನೋಡುತ್ತೀ, ಇದು ಎದುರಿಗೇ ಇದೆಯಲ್ಲಮ್ಮಾ" ಎಂದರು.

ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ನಾಯಿಯನ್ನು ಎತ್ತಿಕೊಂಡು ಪಡಸಾಲೆಗೆ ಹೋದೆ, ಅಲ್ಲಿಂದ ಗ್ಯಾಲರಿಗೆ, ಅಲ್ಲಿಂದ ಅಡಿಗೆಮನೆಗೆ. ಅಲ್ಲಿ ಚಿಗವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಾಯಿ ನನ್ನ ಕೈಯಿಂದ ಜಿಗಿದು ಎರಡು ಬಿಸಿ ರೊಟ್ಟಿ ಮುಗಿಸಿ, ಮೂರನೆಯದಕ್ಕೆ ಒಲೆ ನೋಡುತ್ತಾ ಕೂತಿತು. ಮೇಲಿನ ಮನೆಯ ಅಮ್ಮ ನನಗೆ ಕೈ ಮುಗಿದು ಹೋದರು.

ಮರುವಾರ ಬಾಗಿಲಲ್ಲಿ ಮೂರು ನಾಯಿ ಬಂದು ಕಾಯುತ್ತಿದ್ದವು. ಚಿಗವ್ವ ಲಟ್ಟಣಿಗೆ ಹಿಡಿದು ಹೊರಗೆ ಬಂದು ಒಂದೊಂದರ ಮುಖ ನೋಡಿ ಹೇಳಿದಳು: "ಇವಕ್ಕ ಯಾವ ಬ್ಯಾನಿನೂ ಇಲ್ಲ. ನನ್ನ ರೊಟ್ಟಿ ಸುದ್ದಿ ಮುಟ್ಟೈತಿ, ಅಷ್ಟ."

ಅಂಬಲಿಗೆ ಉಪ್ಪು

ಆಟದ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಸಂಕಟ ನಿಮಗೆ ತಿಳಿಯುವುದಿಲ್ಲ. ಇಬ್ಬರ ಕಡೆಯೂ ಆರಾರು ಪ್ರಾಣಿ. ಕಣದಲ್ಲಿ ನಿಲ್ಲುವುದು ಒಂದೊಂದೇ. ನಿಂತದ್ದು ಸರಿಹೋಗದಿದ್ದರೆ ಒಳಗೆ ಕರೆದು ಬೇರೆಯದನ್ನು ಕಳಿಸಬಹುದು. ಹೊಡೆಯುವುದು ಬಿಟ್ಟು ಇನ್ನೊಂದು ಕೆಲಸವೂ ಮಾಡಬಹುದು. ಎದುರಾಳಿಯ ನೆಲದ ಮೇಲೆ ಮುಳ್ಳು ಹಾಸಬಹುದು. ಹಾಸಿದ ಮೇಲೆ ಅಲ್ಲಿಗೆ ಯಾವ ಪ್ರಾಣಿ ಹೊಸದಾಗಿ ಕಾಲಿಟ್ಟರೂ ಚುಚ್ಚುತ್ತದೆ. ಎರಡು ಪದರ ಹಾಸಿದರೆ ಹೆಚ್ಚು, ಮೂರು ಪದರ ಹಾಸಿದರೆ ಇನ್ನೂ ಹೆಚ್ಚು. ಹಾಸಿದ್ದನ್ನು ಗುಡಿಸಿ ತೆಗೆಯುವ ಪ್ರಾಣಿಗಳೂ ಇದ್ದವು, ಗರ್ಜಿಸಿ ಎದುರಿನದನ್ನು ಒಳಗೆ ಓಡಿಸುವವೂ ಇದ್ದವು. ಈಗಾಗಲೇ ನಿಂತದ್ದಕ್ಕೆ ಏನೂ ಇಲ್ಲ. ಬರುವವರಿಗೇ ಪೆಟ್ಟು.

ಅಂದರೆ ನನ್ನಂಥವಳನ್ನು ನೋಡಿಯೇ ಯಾರೋ ಮಾಡಿದ ಉಪಾಯ. ನಾನು ಒಂದು ಪ್ರಾಣಿಯನ್ನು ಎರಡು ಸರದಿ ನಿಲ್ಲಿಸಿದ್ದೇ ಇಲ್ಲ. ಕಪ್ಪೆ ಕಳಿಸಿದ ಕೂಡಲೇ ಆಮೆ ಇರಬೇಕಿತ್ತು ಅನಿಸುತ್ತದೆ, ಆಮೆ ಬಂದರೆ ಗರುಡ.

ನನ್ನ ಎದುರಿನ ಟೇಬಲ್ಲಿನಲ್ಲಿ ಇನ್ನೊಬ್ಬ ಟೆಸ್ಟರ್ ಇದ್ದ. ಪಟಾನ್‌ಚೆರುವಿನಿಂದ ಕಂಪನಿ ಬಸ್ಸಿನಲ್ಲಿ ಬರುತ್ತಿದ್ದ. ತೆಲುಗಿನವರ ಜೊತೆ ತೆಲುಗು, ಉಳಿದವರ ಜೊತೆ ಹಿಂದಿ, ಹೆಚ್ಚಿನ ಹೊತ್ತು ಯಾವುದೂ ಇಲ್ಲ. ಬೆಳಿಗ್ಗೆ ಕೂತರೆ ಚಹಾಕ್ಕೆ ಒಮ್ಮೆ, ಊಟಕ್ಕೆ ಒಮ್ಮೆ ಏಳುವುದು. ಅವನ ಕುರ್ಚಿಯ ಚಕ್ರ ತಿರುಗಿದ್ದು ನಾನು ನೋಡಿರಲಿಲ್ಲ. ಆಟ ಶುರುವಾದರೆ ತನ್ನ ಮುಳ್ಳುಹಂದಿಯನ್ನು ಕಳಿಸಿ, ಒಂದು ಪದರ, ಎರಡು ಪದರ, ಮೂರು ಪದರ ಮುಳ್ಳು ಹಾಸಿ, ಕೈ ಕಟ್ಟಿ ಕೂರುತ್ತಿದ್ದ. ಆಮೇಲೆ ನಾನೇ ಒಂದೊಂದಾಗಿ ನನ್ನ ಪ್ರಾಣಿಗಳನ್ನು ಆ ಮುಳ್ಳಿನ ಮೇಲೆ ಓಡಾಡಿಸಿ ಕೊಂದುಕೊಳ್ಳುತ್ತಿದ್ದೆ.

ಸೋಲಲಿ, ಬೇಜಾರಿಲ್ಲ. ಆದರೆ ನಾನು ಯಾವ ಪ್ರಾಣಿ ಕಳಿಸಿದರೂ ಅದಕ್ಕೆ ತಕ್ಕ ಉತ್ತರ ಅವನ ಬಳಿ ಮೊದಲೇ ತಯಾರಿರುತ್ತಿತ್ತು. ಇದು ಹೇಗೆ? ನನ್ನ ಹಿಂದಿನ ಕಿಟಕಿಯ ಗಾಜಿನಲ್ಲಿ ನನ್ನ ಪರದೆ ಕಾಣುತ್ತಿರಬೇಕು ಎಂದುಕೊಂಡು ಕಿಟಕಿಗೆ ದುಪಟ್ಟಾ ಕಟ್ಟಿದೆ. ಮತ್ತೆ ಸೋತೆ. ಕಂಪ್ಯೂಟರನ್ನೇ ಅಡ್ಡಕ್ಕೆ ತಿರುಗಿಸಿದೆ. ಮತ್ತೆ ಸೋತೆ. ಟೇಬಲ್ ಬದಲಿಸಿದೆ, ಮೂರು ದಿನಕ್ಕೆ ಹಳೆಯದೇ ಚೆನ್ನ ಅನಿಸಿ ವಾಪಸು ಬಂದೆ. ಸೋಲು ಮಾತ್ರ ಬದಲಾಗಲಿಲ್ಲ.

ನನಗೆ ಇನ್ನೊಂದು ಚಾಳಿ ಇತ್ತು. ಆಡುವಾಗ ಬಾಯಿ ಸುಮ್ಮನಿರುತ್ತಿರಲಿಲ್ಲ. "ಈಗ ಕಪ್ಪಿ ತಗದು ಆಮಿ ಬಿಡ್ತೀನಿ, ಇವಗ ಏನ್ ಗೊತ್ತಾಗತೈತಿ" ಅನ್ನುತ್ತಿದ್ದೆ. ನನಗೇ ಹೇಳಿಕೊಳ್ಳುವುದು, ಅದೂ ಕನ್ನಡದಲ್ಲಿ. ಆ ಮಹಡಿಯಲ್ಲಿ ಕನ್ನಡ ಯಾರಿಗೆ ಬರಬೇಕು? ಅವನ ಬಗ್ಗೆಯೂ ಒಂದೆರಡು ಅನ್ನುತ್ತಿದ್ದೆ. "ಮಾರಿ ನೋಡು ಇವಂದು, ಉಪ್ಪಿಲ್ಲದ ಅಂಬಲಿ ಕುಡದಾಂಗ."

ಒಂದೂವರೆ ತಿಂಗಳ ಮೇಲೆ ಒಂದು ಮಧ್ಯಾಹ್ನ ನನ್ನ ಬಳಿ ಎರಡೇ ಪ್ರಾಣಿ ಉಳಿದಿದ್ದವು. ಕುರ್ಚಿಯಲ್ಲಿ ಒದ್ದಾಡುತ್ತಾ "ಕಪ್ಪಿ ಬಿಡ್ಲೋ, ಆಮಿ ಬಿಡ್ಲೋ? ಕಪ್ಪೀನೇ ಬಿಡ್ತೀನಿ" ಅಂದೆ.

ಎದುರಿನಿಂದ, ತಲೆ ಎತ್ತದೆ, ಮೆಲ್ಲಗೆ ಒಂದು ಮಾತು ಬಂತು. "ಕಪ್ಪಿ ಬ್ಯಾಡ್ರಿ. ಅದು ಈ ಮುಳ್ಳ ತಡಿಯಲ್ಲ. ಆಮಿ ಬಿಡ್ರಿ."

ನಾನು ಜೀವನದಲ್ಲಿ ಮೊದಲ ಸಲ ಅಲ್ಲಾಡದೆ ಕೂತೆ.

"ನಿಮಗ ಕನ್ನಡ ಬರತೈತಿ?"

"ಬೀದರದವ್ರಿ ನಾವು. ಅಪ್ಪಂದು ಇಲ್ಲಿ ಔಷಧ ಫ್ಯಾಕ್ಟರಿದಾಗ ಕೆಲಸ ಅದ."

"ಮತ್ತ ಇಷ್ಟ ದಿನ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಬಾಯಿ ಮುಚ್ಕೋತಿದ್ರಿ." ಅವನು ಮುಖದಲ್ಲಿ ಏನೂ ಬದಲಾಗದೆ ಸೇರಿಸಿದ: "ಇನ್ನೊಂದ್ ಮಾತ್ರಿ. ನಮ್ ಮನ್ಯಾಗ ಅಂಬಲಿಗಿ ಉಪ್ಪ ಹಾಕ್ತಾರ."

ಹಾರುವ ಆಟೊ

ಕನ್ನಡದಲ್ಲಿ ಬಾಯಿಬಿಟ್ಟು ಬುದ್ಧಿ ಕಲಿತ ಮೇಲೆ ಹಿಂದಿಯಲ್ಲಿ ಬಾಯಿಬಿಟ್ಟೆ.

ಒಂದು ಬೆಳಿಗ್ಗೆ ದಿಲ್‌ಸುಖ್‌ನಗರದಿಂದ ಹತ್ತಿದ ಬಸ್ಸು ಅಮೀರ್‌ಪೇಟೆಯಲ್ಲಿ ಟ್ರಾಫಿಕ್ಕಿಗೆ ಸಿಕ್ಕು ನಿಂತಿತು. ನಿಂತ ಬಸ್ಸಿನಲ್ಲಿ ನಾನು ಕೂರುವುದುಂಟೇ? ಇಳಿದು ಆಟೊ ಹಿಡಿದೆ. ಅದು ಹತ್ತು ಮಾರು ಹೋಗುವಷ್ಟರಲ್ಲಿ ನಾನು ಬಿಟ್ಟ ಬಸ್ಸು ಪಕ್ಕದಲ್ಲೇ ಸುಂಯ್ಯನೆ ದಾಟಿಹೋಯಿತು. ನನಗೆ ಮೈ ಉರಿಯಿತು. "ಭಯ್ಯಾ, ಎಡಕ್ಕೆ ಹೋಗಿ. ಬೇಡ, ಬಲಕ್ಕೆ. ಆ ಗಲ್ಲಿಯಲ್ಲಿ ನುಗ್ಗಿಸಿ" ಅನ್ನುತ್ತಾ ಹೋದೆ. ಡ್ರೈವರ್ ನಡುವಯಸ್ಸಿನ ಸಾಧು ಮನುಷ್ಯ, ಹೇಳಿದ ಕಡೆಗೆಲ್ಲ ತಿರುಗಿಸಿದ.

ಅಷ್ಟರಲ್ಲಿ ಆಫೀಸಿನಿಂದ ಫೋನು. ಆಟದ ಚಿತ್ರ ಬಿಡಿಸಲು ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಆಡಿ ನೋಡುತ್ತಾ ಸಿಕ್ಕಿಬಿದ್ದಿದ್ದಳು, ಏನು ಮಾಡಲಿ ಅಂತ ಕೇಳಿದಳು. ನಾನು ರಸ್ತೆಯ ಗದ್ದಲದ ಮೇಲೆ ದನಿ ಏರಿಸಿ ಹಿಂದಿಯಲ್ಲಿ ಶುರುಮಾಡಿದೆ.

"ಮೊದಲು ಮುಳ್ಳು ಹಾಸು. ಒಂದು ಸಲ ಸಾಲದು, ಮೂರು ಸಲ ಹಾಸು. ಅವರು ಎಲ್ಲಿಂದ ಬರುತ್ತಾರೋ ಅಲ್ಲೇ ಹಾಸು. ಬಂದವರೆಲ್ಲ ಚುಚ್ಚಿಸಿಕೊಳ್ಳಲಿ. ಬರದೆ ಇದ್ದರೆ ಗರ್ಜಿಸಿ ಹೆದರಿಸು, ಒಂದು ಓಡಿಹೋದರೆ ಇನ್ನೊಂದು ಬಂದೇ ಬರುತ್ತದೆ, ಅದಕ್ಕೂ ಚುಚ್ಚುತ್ತದೆ. ಏನು? ಗುಡಿಸುವವರು ಬಂದರೆ? ಗುಡಿಸುವವನನ್ನೇ ಮೊದಲು ಮುಗಿಸು!"

ಆಟೊ ನಿಧಾನವಾಯಿತು. ನಾನು ಗಮನಿಸಲಿಲ್ಲ. ಇನ್ನೂ ನಿಧಾನವಾಗಿ, ರಸ್ತೆ ಬದಿಗೆ ಸರಿದು ನಿಂತಿತು. ಡ್ರೈವರ್ ಇಳಿದು ಮುಂದಿನ ಗಾಲಿ ಸವರಿ ನೋಡಿದ, ಹಿಂದಿನ ಎರಡೂ ಗಾಲಿ ಸವರಿ ನೋಡಿದ, ಆಮೇಲೆ ಬಗ್ಗಿ ನಮ್ಮ ಮುಂದಿನ ಡಾಂಬರು ರಸ್ತೆಯನ್ನು ದೂರದವರೆಗೂ ನೋಡಿದ. ಬಂದು ನನ್ನೆದುರು ನಿಂತು ಬಹಳ ಮರ್ಯಾದೆಯಿಂದ ಕೇಳಿದ:

"ಅಮ್ಮಾ, ಯಾವ ರೋಡಿನಲ್ಲಿ ಹಾಸಿದ್ದೀರಿ, ಅದೊಂದು ಹೇಳಿಬಿಡಿ. ನನ್ನದು ಹೊಸ ಟೈರು."

ನಾನು ನಕ್ಕು, ಇದು ರಸ್ತೆಯ ಮುಳ್ಳಲ್ಲ, ಆಟದ ಮುಳ್ಳು ಎಂದೆ. ಹಾಗಾದರೂ ಯಾರಿಗೋ ಚುಚ್ಚುತ್ತದಲ್ಲ ಎಂದ. ಚುಚ್ಚುತ್ತದೆ, ಆದರೆ ಎಲ್ಲರಿಗೂ ಅಲ್ಲ ಎಂದು ಸಮಾಧಾನ ಹೇಳಲು ಹೋದೆ. "ಹಾರುವವರಿಗೆ ಏನೂ ಆಗುವುದಿಲ್ಲ ಭಯ್ಯಾ. ಅವರ ಕಾಲು ನೆಲಕ್ಕೆ ತಾಗಲ್ಲವಲ್ಲ."

ಅವನು ಎರಡೂ ಕೈ ಜೋಡಿಸಿದ. "ನಕ್ಕೋ ಅಮ್ಮಾ, ಬೇಡವೇ ಬೇಡ. ಹಾರುವ ಆಟೊ ನನ್ನ ಹತ್ತಿರ ಇಲ್ಲ. ನೀವು ಇಲ್ಲೇ ಇಳಿದುಬಿಡಿ."

ಕೋಳಿಯ ಪ್ರಶ್ನೆ

ಹಾರುವವರಿಗೆ ಮುಳ್ಳು ಚುಚ್ಚುವುದಿಲ್ಲ ಎಂದು ಆಟೊದವನಿಗೆ ಹೇಳಿದೆನಲ್ಲ, ಅದೇ ವಾರ ನೋಡಿದರೆ ನಮ್ಮ ಆಟದಲ್ಲಿ ಗರುಡನಿಗೂ ಚುಚ್ಚುತ್ತಿತ್ತು. ಇದು ತಪ್ಪು ಎಂದು ಬರೆದು ಕಳಿಸಿದೆ. ಆಟವನ್ನು ಬರೆಯುತ್ತಿದ್ದ ಪ್ರೋಗ್ರಾಮರ್ ಒಬ್ಬರು ಇದ್ದರು, ವಿಜಯವಾಡದ ಕಡೆಯವರು. ತಮ್ಮ ಕೆಲಸದಲ್ಲಿ ತಪ್ಪಿದೆ ಎಂದು ಹೇಳಿದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ತಾಸೊಪ್ಪತ್ತಿನಲ್ಲಿ ಉತ್ತರ ಬಂತು: "ತಪ್ಪಿಲ್ಲ. ಗರುಡ ಬಂದು ಇಳಿಯುವಾಗ ಕಾಲು ನೆಲಕ್ಕೆ ತಾಗುತ್ತದೆ."

ನಾನು ಬರೆದೆ: "ಚಿತ್ರದಲ್ಲಿ ಗರುಡ ಗಾಳಿಯಲ್ಲಿದೆ."

ಮರುದಿನ ಬಂದು ನೋಡಿದರೆ ಅವರು ಚಿತ್ರವನ್ನೇ ಬದಲಿಸಿದ್ದರು. ಗರುಡ ರೆಕ್ಕೆ ಮಡಚಿ, ಜ್ವರ ಬಂದವರ ಹಾಗೆ ನೆಲದ ಮೇಲೆ ಕೂತಿತ್ತು.

ನನಗೆ ಕೂರಲಾಗಲಿಲ್ಲ. ಅವರ ಟೇಬಲ್ಲಿಗೆ ನಾನು ಹೋಗುವುದು, ಅಲ್ಲಿಂದ ಸಿಟ್ಟಿನಲ್ಲಿ ಬರುವುದು, ದಾರಿಯಲ್ಲಿ ಇನ್ನೊಂದು ಮಾತು ನೆನಪಾಗಿ ಮತ್ತೆ ಹೋಗುವುದು. ಎರಡು ದಿನ ಇದೇ ಆಯಿತು. ಕೊನೆಗೆ ನಮ್ಮ ಟೀಮ್ ಲೀಡ್ ಸಾಹೇಬರು ಸಭೆ ಕರೆದರು. ಸಮಾಧಾನದ ಮನುಷ್ಯ, ಯಾರಿಗೂ ಇಲ್ಲ ಅನ್ನಲು ಬಾರದು. ಗಾಜಿನ ಕೋಣೆಯಲ್ಲಿ ಒಂಬತ್ತು ಜನ ಸೇರಿ, ಹಕ್ಕಿ ಇಳಿಯುವಾಗ ಕಾಲು ಮೊದಲೋ ರೆಕ್ಕೆ ಮೊದಲೋ ಎಂದು ಒಂದು ತಾಸು ಚರ್ಚಿಸಿದರು. ಪ್ರೋಗ್ರಾಮರ್ ಎದ್ದು ನಿಂತು ಎರಡೂ ಕೈ ಬಿಚ್ಚಿ ಇಳಿದು ತೋರಿಸಿದರು. ನಾನು ಕುರ್ಚಿ ಹತ್ತಿ, ಇಳಿಯದೆ ಇರುವುದು ಹೇಗೆ ಎಂದು ತೋರಿಸಿದೆ.

ಗರುಡನ ವಿಷಯ ನನ್ನ ಪರವಾಗಿ ಮುಗಿಯಿತು ಅನ್ನುವಾಗ ಮೂಲೆಯಿಂದ ಒಬ್ಬರು ಕೇಳಿದರು, "ಹಾಗಾದರೆ ಕೋಳಿ?"

ಎದ್ದಿದ್ದವರೆಲ್ಲ ಮತ್ತೆ ಕೂತರು.

"ಕೋಳಿ ಹಾರುತ್ತದೆ" ಎಂದರು ಒಬ್ಬರು. "ಹಾರುತ್ತದೆ, ಗೋಡೆಯವರೆಗೆ" ಎಂದರು ಇನ್ನೊಬ್ಬರು. "ಅಟ್ಟಿಸಿಕೊಂಡು ಹೋದರೆ ಮಾತ್ರ" ಎಂದರು ಮತ್ತೊಬ್ಬರು. ಅಟ್ಟಿಸಿಕೊಂಡು ಬಂದ ಕೋಳಿಗೆ ಚುಚ್ಚಬಾರದು, ತಾನಾಗಿ ನಡೆದು ಬಂದ ಕೋಳಿಗೆ ಚುಚ್ಚಬೇಕು ಎಂದು ಒಂದು ಸಲಹೆ ಬಂತು. ಅರ್ಧ ಚುಚ್ಚಿದರೆ ಇಬ್ಬರಿಗೂ ನ್ಯಾಯ ಎಂದು ಲೀಡ್ ಸಾಹೇಬರು ಅಂದರು. ಅರ್ಧ ತಾಸು ಅದೂ ನಡೆಯಿತು. ಊಟದ ಹೊತ್ತು ಮೀರಿದ್ದರಿಂದ, ಗಿರಾಕಿಯನ್ನೇ ಕೇಳುವುದು ಎಂದು ತೀರ್ಮಾನವಾಗಿ, ಎರಡೂ ಕಡೆಯ ವಾದ ಬರೆದು ಉದ್ದದ ಮೇಲ್ ಕಳಿಸಿದರು.

ಮರುದಿನ ಬೆಳಿಗ್ಗೆ ಉತ್ತರ ಬಂತು, ಒಂದೇ ಸಾಲು: "ನಮ್ಮ ಆಟದಲ್ಲಿ ಕೋಳಿಯೇ ಇಲ್ಲ."

ಐದೂ ನಲವತ್ತರ ಬಸ್ಸು

ಅದಾದ ಕೆಲ ದಿನಕ್ಕೆ ಲೀಡ್ ಸಾಹೇಬರು ನನ್ನನ್ನೂ ಬೀದರದವನನ್ನೂ ಒಟ್ಟಿಗೆ ಕರೆದರು. ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿ, ಕೊನೆಗೆ ಹೇಳಿದರು. ಗಿರಾಕಿಗೆ ಇನ್ನು ಒಬ್ಬರೇ ಟೆಸ್ಟರ್ ಸಾಕಂತೆ. ಇನ್ನೊಬ್ಬರು ಆಚೆ ಕಟ್ಟಡದ ವಿಮೆ ಕೆಲಸಕ್ಕೆ ಹೋಗಬೇಕು. ವಿಮೆ ಕೆಲಸ ಅಂದರೆ ಬೆಳಗಿನಿಂದ ಸಂಜೆವರೆಗೆ ಒಂದೇ ಫಾರಂ ಮತ್ತೆ ಮತ್ತೆ ತುಂಬಿ ನೋಡುವುದು. ಕೇಳಿಯೇ ನನ್ನ ಕಾಲು ಜುಮ್ಮೆಂದವು. ಅಲ್ಲಿ ನಾನು ಎಂಟು ದಿನ ಬದುಕುತ್ತಿರಲಿಲ್ಲ.

"ನೀವೇ ಆರಿಸಿ ಸರ್" ಎಂದು ಹಿಂದಿಯಲ್ಲಿ ಹೇಳಿದೆವು. ಅವರಿಗೆ ಆರಿಸಲಾಗಲಿಲ್ಲ. "ಇಬ್ಬರೂ ಆಡಿ. ಗೆದ್ದವರು ಉಳಿಯಲಿ" ಎಂದುಬಿಟ್ಟರು. ಶುಕ್ರವಾರ, ನಾಲ್ಕು ಗಂಟೆಗೆ.

ಅದುವರೆಗೆ ನಾನು ಅವನನ್ನು ಒಂದು ಸಲವೂ ಸೋಲಿಸಿರಲಿಲ್ಲ. ಈ ಸಲ ತಯಾರಿ ಮಾಡಿಕೊಂಡೆ. ಏಳಬಾರದೆಂದು ದುಪಟ್ಟಾವನ್ನು ಸೊಂಟಕ್ಕೆ ಸುತ್ತಿ ಕುರ್ಚಿಗೆ ಗಂಟು ಹಾಕಿದೆ. ಬಾಯಿ ಬಿಡಬಾರದೆಂದು ಊರಿನಿಂದ ಬಂದ ಕರದಂಟು ತುಂಬಿಕೊಂಡೆ. ಆ ಅಂಟಿನಲ್ಲಿ ಹಲ್ಲು ಒಮ್ಮೆ ಸಿಕ್ಕರೆ ಮಾತು ಹೊರಗೆ ಬರುವುದಿಲ್ಲ.

ಆಟ ಶುರುವಾಯಿತು. ಅವನು ಮೂರು ಪದರ ಹಾಸಿದ. ನಾನೂ ಮೂರು ಪದರ ಹಾಸಿದೆ. ಗುಡಿಸುವವು, ಹಾರುವವು, ಗರ್ಜಿಸುವವು ಎರಡೂ ಕಡೆ ಮೊದಲ ಅರ್ಧ ತಾಸಿನಲ್ಲೇ ಮುಗಿದವು. ಉಳಿದದ್ದು ಇಬ್ಬರಿಗೂ ಮೂರು ಮೂರು. ಕಣದಲ್ಲಿ ನನ್ನ ಆಮೆ, ಅವನ ಮುಳ್ಳುಹಂದಿ. ಇನ್ನು ಯಾರು ಪ್ರಾಣಿ ಬದಲಿಸಿದರೂ ಅವರೇ ಮುಳ್ಳಿನ ಮೇಲೆ ಬೀಳುವುದು.

ಅವನು ಬದಲಿಸಲಿಲ್ಲ. ನಾನೂ ಬದಲಿಸಲಿಲ್ಲ. ಮುಳ್ಳುಹಂದಿ ಒಂದಿಷ್ಟು ಚುಚ್ಚುವುದು, ಆಮೆ ಚಿಪ್ಪಿನೊಳಗೆ ಹೋಗಿ ಗಾಯ ವಾಸಿ ಮಾಡಿಕೊಳ್ಳುವುದು. ಮತ್ತೆ ಅದೇ, ಮತ್ತೆ ಅದೇ. ಐದು ಗಂಟೆಯಾಯಿತು. ಸುತ್ತ ನಿಂತವರು ಒಬ್ಬೊಬ್ಬರಾಗಿ ತಮ್ಮ ಕುರ್ಚಿಗೆ ಹೋದರು. ನಿರ್ಣಯ ಹೇಳಲು ಕೂತಿದ್ದ ಲೀಡ್ ಸಾಹೇಬರು ಗಲ್ಲಕ್ಕೆ ಕೈಕೊಟ್ಟು ನಿದ್ದೆ ಹೋದರು. ಟೇಬಲ್ ಕೆಳಗೆ ನನ್ನ ಎರಡೂ ಮೊಣಕಾಲು ಹೊಲಿಗೆ ಮಷೀನಿನ ಹಾಗೆ ಕುಣಿಯುತ್ತಿದ್ದವು. ಕಪ್ಪೆಯನ್ನು ಕಳಿಸು, ಕಳಿಸು ಎಂದು ಬೆರಳು ತುರಿಸುತ್ತಿತ್ತು. ಇನ್ನೊಂದು ಕರದಂಟು ಬಾಯಿಗೆ ಹಾಕಿದೆ. ನಾಲ್ಕನೆಯದು ಅದು.

ಐದೂ ಇಪ್ಪತ್ತೈದಕ್ಕೆ ಒಂದು ಹೊಸ ಸಂಗತಿ ಕಂಡೆ. ಬೀದರದವನು ಗೋಡೆ ಗಡಿಯಾರ ನೋಡಿದ.

ಐದೂ ಇಪ್ಪತ್ತೇಳಕ್ಕೆ ಮತ್ತೆ ನೋಡಿದ. ಆಗ ನನಗೆ ಹೊಳೆಯಿತು, ಪಟಾನ್‌ಚೆರುವಿನ ಕಂಪನಿ ಬಸ್ಸು ಐದೂ ನಲವತ್ತಕ್ಕೆ! ಅದು ತಪ್ಪಿದರೆ ಎರಡು ಸಿಟಿ ಬಸ್ಸು ಬದಲಿಸಿ, ಅಷ್ಟು ದೂರ ನಿಂತೇ ಹೋಗಬೇಕು. ಆ ಮನುಷ್ಯನಿಗೆ ನಿಲ್ಲುವುದೆಂದರೆ ಆಗದು. ಐದೂವರೆಗೆ ಅವನ ಕುರ್ಚಿಯ ಚಕ್ರ ಕಿರ್ ಎಂದಿತು. ಕಿವಿ ಕೆರೆದುಕೊಂಡ. ಐದೂ ಮೂವತ್ತೆರಡಕ್ಕೆ, ಬೇಗ ಮುಗಿಸಿಬಿಡೋಣ ಎಂದು ಮುಳ್ಳುಹಂದಿಯನ್ನು ಒಳಗೆ ಕರೆದು ತನ್ನ ಹೋರಿಯನ್ನು ಬಿಟ್ಟ. ಹೋರಿ ಮುಳ್ಳಿನ ಮೇಲೆ ಬಿತ್ತು. ಗಾಬರಿಯಾಗಿ ಹೋರಿಯನ್ನು ಕರೆದು ಹಾವನ್ನು ಬಿಟ್ಟ. ಹಾವಿಗೂ ಚುಚ್ಚಿತು. ಮತ್ತೆ ಹೋರಿ, ಮತ್ತೆ ಮುಳ್ಳುಹಂದಿ. ನನ್ನ ಆಮೆ ಮೆಲ್ಲಗೆ, ಬಂದದ್ದಕ್ಕೆ ಒಂದೊಂದು ಏಟು ಹಾಕುತ್ತಾ ನಿಂತಿತು. ಐದೂ ಮೂವತ್ತಾರಕ್ಕೆ ಅವನ ಕಡೆ ಒಂದೂ ಉಳಿಯಲಿಲ್ಲ.

ನಾನು ಕೂಗಬೇಕೆಂದರೆ ಬಾಯಿ ಅಂಟಿಕೊಂಡಿತ್ತು. ಜಿಗಿದೆ, ಕುರ್ಚಿಯೂ ನನ್ನ ಜೊತೆ ಜಿಗಿಯಿತು. ಆ ಸದ್ದಿಗೆ ಲೀಡ್ ಸಾಹೇಬರು ಎಚ್ಚೆತ್ತರು. ಬೀದರದವನು ಚೀಲ ಹೆಗಲಿಗೆ ಹಾಕಿಕೊಂಡು, ಓಡುತ್ತಲೇ ಬಾಗಿಲಿನಿಂದ ತಿರುಗಿ "ಶಾಬಾಸ್ರಿ!" ಎಂದು ಕೂಗಿ ಮೆಟ್ಟಿಲಿಳಿದ. ಅವನು ಓಡಿದ್ದನ್ನು ಆಫೀಸಿನವರು ಮೊದಲ ಸಲ ನೋಡಿದರು.

ಸೋಮವಾರ ಟೇಬಲ್ ಖಾಲಿ ಮಾಡಲು ಬಂದಾಗ ಹೇಳಿದ. ಆ ದಿನ ಬಸ್ಸು ಆರೂ ಕಾಲಿಗೆ ಬಂತಂತೆ.

ಹೊಸ್ತಿಲು

ಗೆದ್ದವಳು ನಾನು, ಆಟದ ಕೆಲಸ ಉಳಿಯಿತು. ಆದರೆ ಎದುರಿನ ಕುರ್ಚಿ ಖಾಲಿ. ನಾನು ಗೊಣಗುವ ಕನ್ನಡವನ್ನು ಯಾರೂ ಕೇಳುವವರಿಲ್ಲ. ಬಿಡುವಿದ್ದಾಗ ಆಡಲು ಬಂದ ಬೇರೆಯವರನ್ನು ಸೋಲಿಸಿದರೆ ಗೆದ್ದಂತೆಯೇ ಅನಿಸುತ್ತಿರಲಿಲ್ಲ. ಹಾಗಾಗಿ ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಆಚೆ ಕಟ್ಟಡಕ್ಕೆ ನಡೆಯತೊಡಗಿದೆ. ಅವನು ಅಲ್ಲೂ ಕೂತೇ ಇರುತ್ತಿದ್ದ. ನಾನು ಬರುವ ಹೊತ್ತಿಗೆ ಪಕ್ಕದಲ್ಲಿ ಒಂದು ಕುರ್ಚಿ ತಂದು ಇಟ್ಟಿರುತ್ತಿದ್ದ, ನಾನು ಅದರಲ್ಲಿ ಐದು ನಿಮಿಷವೂ ಕೂರುವುದಿಲ್ಲ ಎಂದು ಗೊತ್ತಿದ್ದರೂ.

ಮೂರನೇ ತಿಂಗಳು ಒಂದು ದಿನ ಕೇಳಿದ, "ನಮ್ಮ ಅವ್ವಗ ನಿಮ್ಮ ಮನಿಗಿ ಕರ್ಕೊಂಡ್ ಬರ್ಲೇನ್ರಿ?"

"ಯಾತಕ್ಕ?"

"ಎಲ್ಲಾರೂ ಒಂದ್ ಕಡಿ ಕೂತು ಮಾತಾಡ್ಲಕ್ಕ."

ಏನು ಕೇಳುತ್ತಿದ್ದಾನೆ ಎಂದು ತಿಳಿಯಿತು. ಹೂಂ ಎಂದೆ. ಆದರೆ ಕೂರಬೇಕು ಅನ್ನುವ ಮಾತಿಗೆ ಕುರ್ಚಿಯಿಂದ ಎದ್ದುನಿಂತೆ.

ಅವರು ಬರುವ ಭಾನುವಾರ ಚಿಗವ್ವ ನನಗೆ ಒಂದೇ ಕೆಲಸ ಕೊಟ್ಟಳು. ಬಾಗಿಲ ಮೇಲೆ ಕಾಗದದ ಹೂವಿನ ತೋರಣ ಚುಚ್ಚಬೇಕು, ಆಮೇಲೆ ಒಳಗೆ ಹೋಗಿ ಸುಮ್ಮನೆ ಕೂರಬೇಕು. ನಾನು ಸ್ಟೂಲು ಹತ್ತಿ ಡ್ರಾಯಿಂಗ್ ಪಿನ್ನಿನಿಂದ ಚುಚ್ಚಿದೆ. ಎಡಕ್ಕೆ ವಾಲಿದಂತೆ ಕಂಡಿತು, ಕಿತ್ತು ಬಲಕ್ಕೆ ಚುಚ್ಚಿದೆ. ಬಲಕ್ಕೆ ವಾಲಿತು. ಮೂರನೇ ಸಲ ಕೀಳುವಾಗ ಪಿನ್ನಿನ ಡಬ್ಬಿಯೇ ಕೈಜಾರಿ ಹೊಸ್ತಿಲ ಮೇಲೆ ಚೆಲ್ಲಿತು. ಇಳಿದು ಆರಿಸಿದೆ, ಕಸಬರಿಗೆಯಿಂದ ಗುಡಿಸಿದೆ.

"ಎಲ್ಲಾ ಆರಿಸೀ?" ಎಂದು ಚಿಗವ್ವ ಒಳಗಿನಿಂದ ಕೇಳಿದಳು.

"ಎಲ್ಲಾ" ಎಂದೆ. ಅಷ್ಟರಲ್ಲಿ ಅವರು ಬಂದೇಬಿಟ್ಟರು.

ಮೂವರು ಬಂದಿದ್ದರು. ಅವನು, ಅವನ ಅವ್ವ, ಅವ್ವನ ತಮ್ಮ. ಅವ್ವ ಎತ್ತರದ ಆಳು, ಇಳಕಲ್ ಸೀರೆ, ಕಣ್ಣಲ್ಲೇ ಅಳೆಯುವವರು. ಮೂವರೂ ಚಪ್ಪಲಿ ಹೊರಗೆ ಬಿಟ್ಟರು. ಮೊದಲು ಅವ್ವನ ತಮ್ಮ ನಗುತ್ತಾ ಒಳಗೆ ಕಾಲಿಟ್ಟರು. "ಹಾಂಯ್!" ಎಂದು ಒಂಟಿ ಕಾಲಿನಲ್ಲಿ ಕುಂಟುತ್ತಾ ಹೋಗಿ ಗಾದಿಯ ಮೇಲೆ ಬಿದ್ದರು. ಕಾಕಾ ಗಾಬರಿಯಾಗಿ "ಇರವಿ ಇರಬೇಕ್ರಿ" ಎಂದರು. ಅಷ್ಟರಲ್ಲಿ ಅವ್ವ ಕಾಲಿಟ್ಟರು. "ಯವ್ವಾ!"

ಅಕ್ಕ ತಮ್ಮ ಇಬ್ಬರೂ ಗಾದಿಯ ಮೇಲೆ ಅಕ್ಕಪಕ್ಕ ಕೂತು, ಅಂಗಾಲು ತಿರುಗಿಸಿ, ಒಂದೊಂದು ಪಿನ್ನು ಕಿತ್ತು ಕೈಯಲ್ಲಿ ಹಿಡಿದು ನೋಡಿದರು. ನನಗೆ ನೆಲ ಬಾಯಿಬಿಡಬಾರದೇ ಅನಿಸಿತು.

ಅವನು ಮಾತ್ರ ಒಳಗೆ ಬಂದಿರಲಿಲ್ಲ. ಹೊಸ್ತಿಲಾಚೆಯೇ ನಿಂತು ನೆಲ ನೋಡಿದ, ನನ್ನನ್ನು ನೋಡಿದ, ಆ ಅಂಬಲಿ ಮುಖದಲ್ಲೇ ಕೇಳಿದ: "ಎಷ್ಟ ಪದರ ಹಾಸೀರಿ?"

"ಒಂದ ರೀ" ಎಂದುಬಿಟ್ಟೆ. "ಅದೂ ಬೇಕಂತ ಅಲ್ಲ."

ಅಷ್ಟೇ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಾನು ಬಾಗಿಲು ಹಿಡಿದು ನಕ್ಕೆ, ಅವನು ಗೋಡೆ ಹಿಡಿದು ನಕ್ಕ. ನಾವು ನಿಲ್ಲಿಸಿದ ಮೇಲೆ ಅವ್ವ ಪಿನ್ನನ್ನು ಎತ್ತಿ ಹಿಡಿದು ಕೇಳಿದರು, "ನಗಾದೇನದ ಇದ್ರಾಗ?"

ಸಂಬಂಧ ಮುಗಿಯಿತು ಎಂದುಕೊಂಡೆ. ಆದರೆ ದಿನಕ್ಕೆ ಹತ್ತು ಮಾತಾಡದ ಆ ಮನುಷ್ಯ ಹೊಸ್ತಿಲ ಹೊರಗೇ ಚಕ್ಕಳಮಕ್ಕಳ ಹಾಕಿ ಕೂತು, ಅವ್ವನಿಗೆ ಇಡೀ ಆಟ ಬಿಡಿಸಿ ಹೇಳಿದ. ಮುಳ್ಳು ಹೇಗೆ ಹಾಸುವುದು, ಬಂದವರಿಗೆ ಹೇಗೆ ಚುಚ್ಚುವುದು, ತಾನು ಹೇಗೆ ಗೆಲ್ಲುತ್ತಿದ್ದೆ, ಬಸ್ಸಿನ ಗಡಿಬಿಡಿಯಲ್ಲಿ ಹೇಗೆ ಸೋತೆ. ಅವ್ವ ಅಂಗಾಲು ಒತ್ತಿಕೊಳ್ಳುತ್ತಾ ಪೂರ್ತಿ ಕೇಳಿದರು. ಅಷ್ಟು ಹೊತ್ತೂ ನಾನು ನೀರು ತಂದೆ, ಅರಿಶಿನ ತಂದೆ, ಹತ್ತಿ ಮರೆತು ಮತ್ತೆ ಹೋದೆ, ಬೀಸಣಿಗೆ ತಂದೆ, ಮತ್ತೆ ನೀರು ತಂದೆ. ಅವರ ಕಣ್ಣು ನನ್ನ ಹಿಂದೆಯೇ ಒಳಗೆ ಹೊರಗೆ ತಿರುಗುತ್ತಿತ್ತು.

ಕೊನೆಗೆ ಚಿಗವ್ವನ ಕಡೆ ತಿರುಗಿದರು. "ಹುಡಗಿಗಿ ಕೂಡ್ಲಕ್ಕ ಬರಲ್ಲೇನ್ರಿ?"

ಚಿಗವ್ವ ತಲೆ ತಗ್ಗಿಸಿದಳು. "ಇಲ್ಲರಿ. ಹುಟ್ಟಿದಾಗಿಂದ ಇಲ್ಲ."

"ಛಲೋ ಆಯ್ತು" ಎಂದರು ಅವ್ವ. "ನನ್ ಮಗಗ ಏಳ್ಲಕ್ಕ ಬರಲ್ಲ. ಒಬ್ರರೆ ಮನ್ಯಾಗ ನೀರ್ ತಂದು ಕೊಡಾವ್ರು ಬೇಕಲ್ಲ."

ತಿಂಗಳ ಮೇಲೆ ಅದೇ ಮನೆಯಲ್ಲಿ ನಿಶ್ಚಿತಾರ್ಥ. ಕಾಕಾ ತಾವೇ ಹೊಸ್ತಿಲಿನಿಂದ ಅಡಿಗೆಮನೆಯವರೆಗೆ ಮೂರು ಸಲ ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ತಮ್ಮ ಬರಿಗಾಲಿನಲ್ಲೇ ಮೂಲೆ ಮೂಲೆ ತುಳಿದು ನೋಡಿದರು. ನನ್ನನ್ನು ಇಬ್ಬರು ಭುಜ ಹಿಡಿದು ಮಣೆಯ ಮೇಲೆ ಕೂರಿಸಿದ್ದರು. ಹೊರಗೆ ಬೀದರದಿಂದ ಬಂದ ನೆಂಟರ ಇಡೀ ದಂಡು, ಕೈಯಲ್ಲಿ ಹಣ್ಣಿನ ತಟ್ಟೆ, ಹೂವು. ಎಲ್ಲರ ಮುಂದೆ ಅವ್ವ.

ಬಾಗಿಲಿಗೆ ಬಂದು ಚಪ್ಪಲಿ ಬಿಟ್ಟರು. ಕಾಲು ಎತ್ತಿದರು. ಎತ್ತಿದ ಕಾಲನ್ನು ಅಲ್ಲೇ ನಿಲ್ಲಿಸಿದರು. ಹಿಂದೆ ದಂಡೆಲ್ಲ ನಿಂತಿತು. ಅವರು ನೆಲವನ್ನು ಈ ಕಡೆಯಿಂದ ಆ ಕಡೆಗೆ ಒಮ್ಮೆ ನೋಡಿದರು, ಕಾಲು ಹಿಂದಕ್ಕೆ ತೆಗೆದರು, ತಿರುಗಿ ತಮ್ಮನ ರಟ್ಟೆ ಹಿಡಿದು ಮುಂದಕ್ಕೆ ತಂದು ನಿಲ್ಲಿಸಿದರು.

"ತಮ್ಮಾ, ಮೊದಲ್ ನೀ ಹೋಗು. ನಿನಗ ರೂಢಿ ಅದ."